ಕಲಾದಗಿಯಿಂದ ವಿದ್ಯಾಗಿರಿಯವರೆಗೆ: ಬಾಗಲಕೋಟೆ ಸೀಮೆಯ ಕಾಲೇಜು ಹಾಗೂ ವಿಶ್ವವಿದ್ಯಾಲಯಗಳ ಇತಿಹಾಸ



ಕಲಾದಗಿ ಇಂದು ಬಾಗಲಕೋಟೆ ತಾಲೂಕಿನ ಒಂದು ಊರು. ಘಟಪ್ರಭೆಯ ದಂಡೆಯಲ್ಲಿರುವ ಈ ಊರು ತನ್ನ ಚಿಕ್ಕು, ದಾಳಿಂಬೆ ತೋಟಗಳಿಗಾಗಿ ಪ್ರಸಿದ್ಧವಾಗಿದೆ. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿ ಇದು ಜಿಲ್ಲೆಯ ರಾಜಧಾನಿಯಾಗಿತ್ತು. ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಬಹುಭಾಗವು ಅಂದು ‘ಕಲಾದಗಿ ಜಿಲ್ಲೆ’ ಎಂಬ ಹೆಸರಿನಿಂದಲೇ ಸರಕಾರಿ ದಫ್ತರಗಳಲ್ಲಿ ದಾಖಲಾಗಿತ್ತು. ಆ ರಾಜಧಾನಿಯಲ್ಲಿ ಕಚೇರಿ ಇತ್ತು, ದಂಡು ಇತ್ತು. ಕಾಲೇಜು ಮಾತ್ರ ಇರಲಿಲ್ಲ. ಈ ಸೀಮೆಯಲ್ಲಿ ಉನ್ನತ ವಿದ್ಯೆಯು ಹೇಗೆ ಬೇರೂರಿತು, ಯಾರ ಶ್ರಮದಿಂದ ಬೆಳೆಯಿತು, ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸದ್ಭಕ್ತರ ತಿಳಿವಳಿಕೆಗಾಗಿ ಒಂದೆಡೆ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶವಾಗಿದೆ. ಮಕ್ಕಳ ಮುಂದಿನ ಓದಿನ ವಿಷಯವಾಗಿ ಶ್ರೀಮಠಕ್ಕೆ ಬಂದು ವಿಚಾರಿಸುವ ತಂದೆತಾಯಿಗಳು ಅನೇಕರು. ಅವರ ಉಪಯೋಗಕ್ಕೆ ಬರುವ ಕೆಲವು ಸಂಗತಿಗಳನ್ನೂ ಕೊನೆಯಲ್ಲಿ ಸೇರಿಸಿದ್ದೇವೆ.

ಪ್ರಾಚೀನ ಪರಂಪರೆ

ಈ ನೆಲಕ್ಕೆ ವಿದ್ಯೆಯು ಹೊಸದಲ್ಲ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದ ಬಾದಾಮಿ, ಅಂದಿನ ವಾತಾಪಿ, ಚಾಲುಕ್ಯರ ರಾಜಧಾನಿಯಾಗಿ ಎರಡು ಶತಮಾನಗಳ ಕಾಲ ಮೆರೆಯಿತು. ಸಮೀಪದ ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ರವಿಕೀರ್ತಿಯು ಬರೆದ ಶಾಸನವು ಕಾಳಿದಾಸ, ಭಾರವಿಗಳ ಹೆಸರನ್ನು ಸ್ಮರಿಸುತ್ತದೆ. ಆ ಕಾಲಕ್ಕೆ ಇಲ್ಲಿ ಕಾವ್ಯಾಭ್ಯಾಸವು ಎಷ್ಟು ಗಾಢವಾಗಿತ್ತೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಕವಿ ರನ್ನನು ಹುಟ್ಟಿದ್ದು ಮುಧೋಳದಲ್ಲಿ.

ವಿದ್ಯಾಲಯವೊಂದು ನಡೆಯಲು ಏನೇನು ಬೇಕೆಂಬುದನ್ನು ಅಂದಿನವರು ಚೆನ್ನಾಗಿ ಅರಿತಿದ್ದರು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನವು ಅಲ್ಲಿನ ಶಾಲೆಯನ್ನು ವರ್ಣಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ವಸತಿಗೆ ಮನೆಗಳನ್ನೂ, ದೀಪಕ್ಕೆ ಹಾಗೂ ಅಧ್ಯಾಪಕರ ಜೀವನಕ್ಕೆ ಭೂಮಿಯನ್ನೂ ದಾನವಾಗಿ ಬಿಡಲಾಗಿತ್ತು. ವಿದ್ಯಾರ್ಥಿಗೆ ವಸತಿ, ದೀಪಕ್ಕೆ ಎಣ್ಣೆ, ಗುರುವಿಗೆ ಜೀವಿತ – ಈ ಮೂರು ಇಲ್ಲದೆ ಪಾಠಶಾಲೆ ನಿಲ್ಲದು ಎಂಬ ತಿಳಿವಳಿಕೆಯು ಮುಂದಿನ ಸಾವಿರ ವರ್ಷಗಳಲ್ಲಿಯೂ ಬದಲಾಗಲಿಲ್ಲ.

ಹುನಗುಂದ ತಾಲೂಕಿನ ಕೂಡಲಸಂಗಮವು ಬಸವಣ್ಣನವರು ವಿದ್ಯಾಭ್ಯಾಸ ಮಾಡಿದ ಪುಣ್ಯಕ್ಷೇತ್ರ. ಉಪನಯನವನ್ನು ತ್ಯಜಿಸಿ ಮನೆಯಿಂದ ಹೊರಟ ಬಾಲಕನಿಗೆ ಆಶ್ರಯವನ್ನೂ ಜ್ಞಾನವನ್ನೂ ನೀಡಿದ್ದು ಆ ಸಂಗಮದ ಗುರುಕುಲ. ಮುಂದೆ ಕಲ್ಯಾಣದಲ್ಲಿ ಅನುಭವ ಮಂಟಪವು ಜಾತಿ, ಲಿಂಗ, ಕಸುಬುಗಳ ಭೇದವಿಲ್ಲದೆ ಅರಿವಿನ ಬಾಗಿಲನ್ನು ತೆರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ಭಾಗದಲ್ಲಿ ಹುಟ್ಟಿದ ವಿದ್ಯಾಸಂಸ್ಥೆಗಳಲ್ಲಿ ಹಲವು ಬಸವೇಶ್ವರರ ಹೆಸರನ್ನೇ ಇಟ್ಟುಕೊಂಡದ್ದು ಆಕಸ್ಮಿಕವಲ್ಲ.

ಕಲಾದಗಿ ಜಿಲ್ಲೆ: ಕಾಲೇಜಿಲ್ಲದ ರಾಜಧಾನಿ

ಮುಂಬಯಿ ಇಲಾಖೆಗೆ ಸೇರಿದ ಈ ಪ್ರದೇಶಕ್ಕೆ ಮುಂಬಯಿ ವಿಶ್ವವಿದ್ಯಾಲಯವೇ ಏಕಮಾತ್ರ ವಿಶ್ವವಿದ್ಯಾಲಯವಾಗಿತ್ತು. ಅದು 1857ರಲ್ಲಿ ಸ್ಥಾಪನೆಯಾಯಿತು. ಕಲಾದಗಿಯ ಕಲೆಕ್ಟರ ಕಚೇರಿಗೂ ಆ ವಿಶ್ವವಿದ್ಯಾಲಯಕ್ಕೂ ನಡುವೆ ನೂರಾರು ಮೈಲಿಗಳ ಅಂತರವಿತ್ತು. ಕನ್ನಡ ಶಾಲೆಗಳೇ ವಿರಳ. ಸರಕಾರದ ವ್ಯವಹಾರದಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳಿಗಾಗಿ, ಕನ್ನಡ ಶಿಕ್ಷಕರ ತರಬೇತಿಗಾಗಿ ಹೋರಾಡಿದ ಕಾಲವದು.

1876ರಿಂದ 1878ರವರೆಗಿನ ಮಹಾಕ್ಷಾಮವು ಈ ಜಿಲ್ಲೆಯನ್ನು ಬಹುವಾಗಿ ಘಾಸಿಗೊಳಿಸಿತು. ಹಸಿವೆಯಿಂದ ಸತ್ತವರು, ಊರು ಬಿಟ್ಟು ಹೋದವರು ಅಸಂಖ್ಯ. ಜಿಲ್ಲೆಯ ಜನಸಂಖ್ಯೆಯೇ ಗಣನೀಯವಾಗಿ ಕುಗ್ಗಿತು. ಇಂಥ ನೆಲದಲ್ಲಿ ಉನ್ನತ ವಿದ್ಯೆಯ ಮಾತನ್ನಾಡುವುದೇ ಕಷ್ಟವಾಗಿತ್ತು.

ಕ್ಷಾಮದ ಬೆನ್ನಿಗೆ ರೈಲು ಬಂದಿತು. ಗದಗದಿಂದ ಬಾದಾಮಿ, ಬಾಗಲಕೋಟೆ, ಬಿಜಾಪುರಗಳ ಮೂಲಕ ಹೊಟಗಿಯ ಕಡೆಗೆ ಸಾಗುವ ಮಾರ್ಗವು 1884ರ ಸುಮಾರಿಗೆ ಸಂಚಾರಕ್ಕೆ ತೆರೆಯಿತು. ಅದು ಕಲಾದಗಿಯನ್ನು ಮುಟ್ಟಲಿಲ್ಲ. ಮರುವರ್ಷವೇ, 1885ರಲ್ಲಿ, ಜಿಲ್ಲೆಯ ಮುಖ್ಯ ಕಚೇರಿಗಳು ಬಿಜಾಪುರಕ್ಕೆ ವರ್ಗವಾದವು. ಕಲಾದಗಿಯು ತನ್ನ ಸ್ಥಾನವನ್ನು ಕಳೆದುಕೊಂಡಿತು. ಅದರ ಹೆಸರು ಇಂದು ವಿದ್ವತ್ ಲೋಕದಲ್ಲಿ ಉಳಿದಿರುವುದು ಮುಖ್ಯವಾಗಿ ಭೂವಿಜ್ಞಾನದ ಗ್ರಂಥಗಳಲ್ಲಿ. ಈ ಭಾಗದ ಪ್ರಾಚೀನ ಶಿಲಾಸ್ತರಗಳಿಗೆ ‘ಕಲಾದಗಿ’ ಎಂಬ ಹೆಸರೇ ರೂಢಿಗೆ ಬಂದಿದೆ.

ರೈಲು ದಾಟಿಹೋದ ಊರು ಬಡವಾಯಿತು, ರೈಲು ನಿಂತ ಊರು ಬೆಳೆಯಿತು. ಹತ್ತಿ, ಶೇಂಗಾ, ಜೋಳಗಳ ವ್ಯಾಪಾರವು ಬಾಗಲಕೋಟೆಯ ಪೇಟೆಯಲ್ಲಿ ಹೆಚ್ಚಿತು. ಆ ಪೇಟೆಯ ಅಡತಿ ಅಂಗಡಿಗಳು, ಸುತ್ತಲಿನ ರೈತರು ಮತ್ತು ಮಠಗಳು – ಈ ಮೂರೂ ಕೂಡಿಯೇ ಮುಂದಿನ ವಿದ್ಯಾಸಂಸ್ಥೆಗಳಿಗೆ ಬುನಾದಿಯಾದವು. ಸರಕಾರವು ರಾಜಧಾನಿಯನ್ನು ಎಲ್ಲಿಗೆ ಒಯ್ದರೂ ಸಮಾಜವು ತಾನೇ ಕಟ್ಟಿಕೊಂಡದ್ದು ಸ್ಥಳದಲ್ಲಿಯೇ ಉಳಿಯಿತೆಂಬುದನ್ನು ಈ ಚರಿತ್ರೆಯು ನಮಗೆ ತೋರಿಸುತ್ತದೆ.

ಸಮಾಜದ ಎಚ್ಚರ: 1883ರಿಂದ 1916

ಲಿಂಗಾಯತ ಸಮಾಜದಲ್ಲಿ ವಿದ್ಯೆಯ ಕುರಿತಾದ ಸಂಘಟಿತ ಪ್ರಯತ್ನವು ಧಾರವಾಡದಲ್ಲಿ ಆರಂಭವಾಯಿತು. ಅಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಇದರ ಹಿಂದಿನ ಚೇತನಗಳು. ಬಡ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಡುವುದು ಅದರ ಮೊದಲ ಕಾರ್ಯವಾಗಿತ್ತು. 1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಧಾರವಾಡದಲ್ಲಿಯೇ ಅಖಿಲ ಭಾರತ ವೀರಶೈವ ಮಹಾಸಭೆಯು ಸ್ಥಾಪನೆಗೊಂಡಿತು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟರು. ಅವರ ಹೆಸರಿನ ಟ್ರಸ್ಟಿನಿಂದ ಓದಿದವರ ಸಂಖ್ಯೆ ಅಪಾರ.

ಬಾಗಲಕೋಟೆಯಲ್ಲಿ ಇದೇ 1906ರಲ್ಲಿ, ಚರಂತಿಮಠದ ಪೂಜ್ಯ ಬೀಳೂರು ಗುರುಬಸವ ಮಹಾಸ್ವಾಮಿಗಳಿಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು ಬಿ.ವಿ.ವಿ. ಸಂಘ. ನಾಲ್ಕು ವರ್ಷಗಳ ತರುವಾಯ, 1910ರಲ್ಲಿ, ಬಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು, ಅಂದರೆ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿದರು. ವಚನಗಳ ಓಲೆಗರಿಗಳನ್ನು ಮನೆಮನೆ ತಿರುಗಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಕೈಗಳೇ ಶಾಲೆಯನ್ನೂ ಸಹಕಾರಿ ಬ್ಯಾಂಕನ್ನೂ ಕಟ್ಟಿದವು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು, ಅಂದರೆ ಕೆ.ಎಲ್.ಇ. ಸಂಸ್ಥೆಯು, ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ಮಹನೀಯರಿಂದ ಆರಂಭವಾಯಿತು.

ಈ ಸಂಸ್ಥೆಗಳು ಹುಟ್ಟಿದ ರೀತಿಯನ್ನು ಗಮನಿಸಬೇಕು. ಸ್ವಾಮಿಗಳು ಜೋಳಿಗೆ ಹಿಡಿದರು. ರೈತರು ಸುಗ್ಗಿಯಲ್ಲಿ ಕಾಳು ಕೊಟ್ಟರು. ಪೇಟೆಯ ವ್ಯಾಪಾರಿಗಳು ಧರ್ಮಾದಾಯದ ಹಣವನ್ನು ಶಾಲೆಗೆ ತಿರುಗಿಸಿದರು. ವಕೀಲರು, ಶಿಕ್ಷಕರು ತಮ್ಮ ಸಂಬಳದ ಆಸೆಯನ್ನು ಬದಿಗಿಟ್ಟು ದುಡಿದರು. ಕಾಯಕ ಮತ್ತು ದಾಸೋಹ ಎಂಬೆರಡು ತತ್ತ್ವಗಳು ವಿದ್ಯಾಕ್ಷೇತ್ರದಲ್ಲಿ ಕಾರ್ಯರೂಪಕ್ಕೆ ಬಂದದ್ದು ಹೀಗೆ.

ಶಿವಯೋಗಮಂದಿರ

ಕಾಲೇಜುಗಳ ಇತಿಹಾಸದಲ್ಲಿ ಶಿವಯೋಗಮಂದಿರವನ್ನು ಸೇರಿಸುವುದೇಕೆಂದು ಕೆಲವರು ಕೇಳಬಹುದು. ಅದು ಪದವಿ ಕೊಡುವ ಸಂಸ್ಥೆಯಲ್ಲ. ಆದರೂ ಈ ಸೀಮೆಯ ವಿದ್ಯಾಭ್ಯುದಯಕ್ಕೆ ಅದರ ಕೊಡುಗೆ ಅನನ್ಯವಾದುದು. ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಇದನ್ನು ಸ್ಥಾಪಿಸಿದರು. ಮಠಾಧಿಪತಿಗಳಾಗುವವರು ಸಂಸ್ಕೃತ, ಕನ್ನಡ, ಯೋಗ, ಸಂಗೀತ, ವೈದ್ಯಗಳಲ್ಲಿ ಪರಿಣತಿ ಪಡೆದು ಸಮಾಜಕ್ಕೆ ಮಾರ್ಗದರ್ಶಕರಾಗಬೇಕೆಂಬುದು ಶಿವಯೋಗಿಗಳ ಸಂಕಲ್ಪವಾಗಿತ್ತು. ಗೋಶಾಲೆ, ವಿಭೂತಿ ತಯಾರಿಕೆ, ಓಲೆಗರಿಗಳ ಗ್ರಂಥಭಂಡಾರ ಇವೆಲ್ಲವೂ ಆ ವಿದ್ಯಾಭ್ಯಾಸದ ಅಂಗಗಳೇ ಆಗಿದ್ದವು.

ಇಲ್ಲಿ ಸಾಧಕರಾಗಿದ್ದವರು ನಾಡಿನ ಮಠಗಳಿಗೆ ಹೋದಾಗ ತಮ್ಮೊಡನೆ ಶಾಲೆಯ, ಪ್ರಸಾದ ನಿಲಯದ ಕಲ್ಪನೆಯನ್ನೂ ಕೊಂಡೊಯ್ದರು. ಅಂಧ ಬಾಲಕರೊಬ್ಬರು ಇದೇ ಆಶ್ರಯದಲ್ಲಿ ಬೆಳೆದು ಗಾನಯೋಗಿ ಪಂಚಾಕ್ಷರ ಗವಾಯಿಗಳೆನಿಸಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಸಾವಿರಾರು ಅಂಧ, ಅನಾಥ ಮಕ್ಕಳಿಗೆ ಸಂಗೀತ ವಿದ್ಯೆಯನ್ನು ಧಾರೆಯೆರೆದರು. ಕುಮಾರ ಶಿವಯೋಗಿಗಳು 1930ರಲ್ಲಿ ಲಿಂಗೈಕ್ಯರಾದರು. ಬಾಗಲಕೋಟೆಯ ವೈದ್ಯಕೀಯ ಆಸ್ಪತ್ರೆಯೂ ಔಷಧ ವಿಜ್ಞಾನ ಮಹಾವಿದ್ಯಾಲಯವೂ ಇಂದು ಅವರ ಹೆಸರನ್ನೇ ಹೊತ್ತಿವೆ.

ಪರ ಊರಿನ ಕಾಲೇಜು, ಮಠದ ಪ್ರಸಾದ

ಬಾಗಲಕೋಟೆಯಲ್ಲಿ ಪ್ರೌಢಶಾಲೆ ಆದ ಮೇಲೂ ಬಹುಕಾಲ ಕಾಲೇಜು ಇರಲಿಲ್ಲ. ಮ್ಯಾಟ್ರಿಕ್ ಮುಗಿಸಿದ ಹುಡುಗನು ಮುಂದೆ ಓದಬೇಕಾದರೆ ಊರು ಬಿಡಲೇಬೇಕಾಗಿತ್ತು. 1880ರಲ್ಲಿ ಆರಂಭವಾದ ಕೊಲ್ಲಾಪುರದ ರಾಜಾರಾಮ ಕಾಲೇಜು, 1885ರ ಪುಣೆಯ ಫರ್ಗ್ಯುಸನ್ ಕಾಲೇಜು, 1919ರ ಸಾಂಗಲಿಯ ವಿಲಿಂಗ್ಡನ್ ಕಾಲೇಜು – ಇವೇ ಅವನಿಗಿದ್ದ ದಾರಿಗಳು. ಇವೆಲ್ಲ ಮರಾಠಿ ನಾಡಿನವು. ಕನ್ನಡ ನೆಲದಲ್ಲಿ 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದುದು ದೊಡ್ಡ ಆಸರೆಯಾಯಿತು. ಆ ಕಾಲೇಜಿಗಾಗಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಜನರಿಂದ ಹಣ ಕೂಡಿಸಿದ ಕಥೆಯು ಸುಪ್ರಸಿದ್ಧವಾಗಿದೆ. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಬಂದಿತು.

ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಕೊಲ್ಲಾಪುರಕ್ಕೆ ಹೋಗಿ ಓದಿದರು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ, 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳೂ ಆದರು. ಕಾಲೇಜಿಗೆ ಹೋಗಲು ಸಾಧ್ಯವಾದವರು ಇಷ್ಟು ಎತ್ತರಕ್ಕೆ ಏರಿದರೆ, ಊರು ಬಿಡಲಾರದೆ ಮನೆಯಲ್ಲಿಯೇ ಉಳಿದವರಲ್ಲಿ ಎಷ್ಟು ಪ್ರತಿಭೆ ಕಮರಿತೋ ಊಹಿಸುವುದು ಕಷ್ಟವಲ್ಲ. ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಮುಚ್ಚಿಯೇ ಇದ್ದಿತು.

ಊರು ಬಿಟ್ಟು ಹೋದವರನ್ನು ಕಾಯ್ದದ್ದು ಮಠಗಳ ಪ್ರಸಾದ ನಿಲಯಗಳು. ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಆರಂಭಿಸಿದ ಉಚಿತ ಪ್ರಸಾದ ನಿಲಯವು ಇವುಗಳಲ್ಲಿ ಅಗ್ರಗಣ್ಯ. ಕರ್ನಾಟಕ ಕಾಲೇಜು ಆರಂಭವಾದುದೂ ಅದೇ ವರ್ಷ. ಕಾಲೇಜು ಒಂದು ಕಡೆ, ಅನ್ನ ಒಂದು ಕಡೆ. ಎರಡೂ ಕೂಡಿದಾಗಲೇ ಬಡವನ ಮಗ ಪದವೀಧರನಾದನು. ಕಾಲೇಜಿನ ಇತಿಹಾಸವನ್ನು ಬರೆಯುವವರು ಪ್ರಸಾದ ನಿಲಯದ ಇತಿಹಾಸವನ್ನು ಬಿಟ್ಟರೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಬಸವೇಶ್ವರ ಮಹಾವಿದ್ಯಾಲಯ

1940ರ ದಶಕದ ಮಧ್ಯಭಾಗದಲ್ಲಿ ಬಾಗಲಕೋಟೆಗೆ ತನ್ನದೇ ಆದ ಕಾಲೇಜು ಬಂದಿತು. ಬಿ.ವಿ.ವಿ. ಸಂಘದ ಬಸವೇಶ್ವರ ಮಹಾವಿದ್ಯಾಲಯವು ಮುಂಬಯಿ ವಿಶ್ವವಿದ್ಯಾಲಯದ ಸಂಯೋಜನೆಯನ್ನು ಪಡೆದು ತರಗತಿಗಳನ್ನು ಆರಂಭಿಸಿತು. ಅದೇ ಅವಧಿಯಲ್ಲಿ ಬಿಜಾಪುರದಲ್ಲಿ ವಿಜಯ ಕಾಲೇಜು ಪ್ರಾರಂಭವಾಯಿತು. ಕಲಾದಗಿ ಜಿಲ್ಲೆಯು ಕಣ್ಮರೆಯಾಗಿ ಅರುವತ್ತು ವರ್ಷಗಳಾದ ಮೇಲೆ ಆ ಜಿಲ್ಲೆಯ ಎರಡು ದೊಡ್ಡ ಊರುಗಳಲ್ಲಿ ಪದವಿ ಶಿಕ್ಷಣವು ಕಾಲೂರಿತು.

ಅಂದು ಖಾಸಗಿ ಕಾಲೇಜೊಂದಕ್ಕೆ ಸಂಯೋಜನೆ ಪಡೆಯುವುದು ಸುಲಭದ ಕೆಲಸವಾಗಿರಲಿಲ್ಲ. ಸಂಸ್ಥೆಯ ಹೆಸರಿನಲ್ಲಿ ಸ್ಥಿರನಿಧಿ ಇರಬೇಕು; ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆಗಳು ಸಿದ್ಧವಿರಬೇಕು; ಅರ್ಹ ಪ್ರಾಧ್ಯಾಪಕರು ದೊರೆಯಬೇಕು; ವಿಶ್ವವಿದ್ಯಾಲಯದ ಸಮಿತಿಯು ಬಂದು ಪರಿಶೀಲಿಸಿ ಒಪ್ಪಬೇಕು. ಮೊದಲು ಇಂಟರ್‌ಮೀಡಿಯೆಟ್ ತರಗತಿಗಳು, ಅವು ನೆಲೆ ನಿಂತ ಮೇಲೆ ಪದವಿ ತರಗತಿಗಳು ಎಂಬುದು ರೂಢಿ. ಇವೆಲ್ಲಕ್ಕೂ ಬೇಕಾದ ಹಣವನ್ನು ಜೋಳ, ಹತ್ತಿ ಬೆಳೆಯುವ ಒಣಬೇಸಾಯದ ಸೀಮೆಯ ಜನ ಒದಗಿಸಿದರೆಂಬುದನ್ನು ಇಂದಿನ ತಲೆಮಾರು ಮರೆಯಬಾರದು.

ಈ ಕಾಲೇಜಿನ ಪ್ರಾಚಾರ್ಯರಾಗಿ ಸೇವೆ ಸಲ್ಲಿಸಿದವರಲ್ಲಿ ಡಾ. ಎಸ್.ಸಿ. ನಂದೀಮಠರ ಹೆಸರು ಚಿರಸ್ಮರಣೀಯ. ಲಂಡನ್ನಿನಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದ ಅವರು ವೀರಶೈವ ಧರ್ಮದರ್ಶನವನ್ನು ಕುರಿತು ಇಂಗ್ಲಿಷಿನಲ್ಲಿ ರಚಿಸಿದ ಕೈಪಿಡಿಯನ್ನು ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು 1942ರಲ್ಲಿ ಪ್ರಕಟಿಸಿತು. ವಿದೇಶದ ವಿದ್ವಾಂಸರು ನಮ್ಮ ಧರ್ಮವನ್ನು ಅರಿಯಲು ಇಂದಿಗೂ ಆ ಗ್ರಂಥವನ್ನು ನೋಡುತ್ತಾರೆ. ಇಂಥ ವಿದ್ವಾಂಸರು ಬಾಗಲಕೋಟೆಯಂಥ ಊರಿನಲ್ಲಿ ನೆಲೆಸಿ ಪಾಠ ಹೇಳಲು ಒಪ್ಪಿದ್ದು ಆ ಕಾಲದ ಧ್ಯೇಯನಿಷ್ಠೆಗೆ ಸಾಕ್ಷಿ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಶಾಸನಬದ್ಧವಾಗಿ ಅಸ್ತಿತ್ವಕ್ಕೆ ಬಂದು ಮೊದಲು ಮುಂಬಯಿಯಲ್ಲಿಯೇ ಕಾರ್ಯಾರಂಭ ಮಾಡಿತು. 1950ರಲ್ಲಿ ಧಾರವಾಡಕ್ಕೆ ಸ್ಥಳಾಂತರಗೊಂಡಿತು. ಬಸವೇಶ್ವರ ಮಹಾವಿದ್ಯಾಲಯವೂ ಮುಂಬಯಿಯನ್ನು ಬಿಟ್ಟು ಧಾರವಾಡದ ಆಡಳಿತಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಾ. ಡಿ.ಸಿ. ಪಾವಟೆಯವರ ಕಾಲದಲ್ಲಿ ಉತ್ತರ ಕರ್ನಾಟಕದ ಕಾಲೇಜುಗಳು ಸಂಖ್ಯೆಯಲ್ಲಿಯೂ ಗುಣದಲ್ಲಿಯೂ ವೃದ್ಧಿಗೊಂಡವು.

ವೃತ್ತಿಶಿಕ್ಷಣ

1963ನೆಯ ವರ್ಷವು ಈ ಭಾಗಕ್ಕೆ ಮಹತ್ತ್ವದ್ದು. ಆ ವರ್ಷ ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಅದೇ ವರ್ಷ ಬಿಜಾಪುರದಲ್ಲಿ ಸೈನಿಕ ಶಾಲೆಯೂ ಆರಂಭಗೊಂಡಿತು. ಹುನಗುಂದ ಕ್ಷೇತ್ರವನ್ನು ಪ್ರತಿನಿಧಿಸಿ, 1962ರಲ್ಲಿ ಕೆಲಕಾಲ ಮುಖ್ಯಮಂತ್ರಿಗಳೂ ತರುವಾಯ ಶಿಕ್ಷಣ ಸಚಿವರೂ ಆಗಿದ್ದ ಎಸ್.ಆರ್. ಕಂಠಿಯವರನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಕರ್ತವ್ಯ. ಸ್ವಾತಂತ್ರ್ಯಾನಂತರ ಅಣೆಕಟ್ಟು, ರಸ್ತೆ, ವಿದ್ಯುತ್ತಿನ ಕೆಲಸಗಳು ವೇಗ ಪಡೆದಾಗ ಇಂಜನಿಯರುಗಳ ಅವಶ್ಯಕತೆ ಹೆಚ್ಚಿತು. ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯು 1947ರಲ್ಲಿ ತೆರೆದ ಬಿ.ವಿ. ಭೂಮರಡ್ಡಿ ಇಂಜನಿಯರಿಂಗ್ ಕಾಲೇಜಿನ ಮಾದರಿಯು ಕಣ್ಣೆದುರಿಗಿತ್ತು. ಬಾಗಲಕೋಟೆಯ ಕಾಲೇಜು ಮೊದಲು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಅಧೀನಕ್ಕೆ ಬಂದು, ಇಂದು ಸ್ವಾಯತ್ತ ಕಾಲೇಜಾಗಿ ನಡೆಯುತ್ತಿದೆ.

ದಂತವೈದ್ಯಕೀಯ, ಔಷಧ ವಿಜ್ಞಾನ, ಕಾನೂನು, ಶಿಕ್ಷಕರ ತರಬೇತಿ ಮುಂತಾದ ಶಾಖೆಗಳು ಒಂದೊಂದಾಗಿ ಸೇರಿಕೊಂಡವು. ಮಹಿಳೆಯರಿಗಾಗಿ ಅಕ್ಕಮಹಾದೇವಿ ಮಹಿಳಾ ಮಹಾವಿದ್ಯಾಲಯವು ತೆರೆಯಿತು. 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವು ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯೊಂದಿಗೆ ಬಾಗಲಕೋಟೆಯಲ್ಲಿ ಆರಂಭವಾಯಿತು. ಬೇನೆ ಬಂದರೆ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಓಡಬೇಕಾಗಿದ್ದ ಹಳ್ಳಿಯ ಜನಕ್ಕೆ ಇದರಿಂದಾದ ಅನುಕೂಲವನ್ನು ಬಣ್ಣಿಸಬೇಕಾಗಿಲ್ಲ. ಈ ಸಂಸ್ಥೆಗಳಲ್ಲಿ ಬಹುಪಾಲು ನೆಲೆಗೊಂಡಿರುವ ಎತ್ತರದ ಪ್ರದೇಶಕ್ಕೆ ಜನರು ‘ವಿದ್ಯಾಗಿರಿ’ ಎಂದು ಕರೆಯುತ್ತಾರೆ.

ಇಳಕಲ್ಲ, ಹುನಗುಂದ, ಗುಳೇದಗುಡ್ಡ, ಜಮಖಂಡಿ

ಇಳಕಲ್ಲ ಮತ್ತು ಗುಳೇದಗುಡ್ಡಗಳು ನೇಕಾರರ ಊರುಗಳು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳು ನಾಡಿನ ಹೆಣ್ಣುಮಕ್ಕಳ ಮೈಮೇಲಿನ ಸೊಬಗು. ಆದರೆ ಮಗ್ಗದ ಮನೆಯಲ್ಲಿ ಮಕ್ಕಳ ಕೈಯೂ ದುಡಿಮೆಗೆ ಬೇಕಾಗುತ್ತದೆ. ಹಣಿಗೆ, ಕುಂಚಿಗೆಗಳ ನಡುವೆ ಪುಸ್ತಕ ಹಿಡಿಯಲು ಬಿಡುವು ಸಿಗುವುದು ಅಪರೂಪ. ಊರಲ್ಲಿಯೇ ಕಾಲೇಜು ಇದ್ದರೆ ಮಾತ್ರ ಆ ಮನೆಯ ಮಕ್ಕಳು ಓದಬಲ್ಲರು. ಇಳಕಲ್ಲಿನಲ್ಲಿ ಶ್ರೀ ವಿಜಯ ಮಹಾಂತೇಶ ವಿದ್ಯಾವರ್ಧಕ ಸಂಘವು ಕಲೆ, ವಿಜ್ಞಾನ, ವಾಣಿಜ್ಯ ಮತ್ತು ಆಯುರ್ವೇದ ಶಿಕ್ಷಣವನ್ನು ಒದಗಿಸುತ್ತ ಬಂದಿದೆ. ಚಿತ್ತರಗಿ-ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ. ಕುಡಿತ ಬಿಟ್ಟ ಮನೆಯಲ್ಲಿ ಮಕ್ಕಳ ಫೀಗೆ ಹಣ ಉಳಿಯುತ್ತದೆ. ಆದುದರಿಂದ ಆ ಜೋಳಿಗೆಯೂ ವಿದ್ಯಾಪ್ರಸಾರದ ಕಾರ್ಯವೇ ಆಗಿತ್ತೆಂದು ನಾವು ಭಾವಿಸುತ್ತೇವೆ.

ಹುನಗುಂದ, ಬಾದಾಮಿ, ಗುಳೇದಗುಡ್ಡ, ಮುಧೋಳ, ಕಮತಗಿಗಳಲ್ಲಿಯೂ ಸ್ಥಳೀಯ ಸಂಘಗಳ ಮತ್ತು ಸರಕಾರದ ಕಾಲೇಜುಗಳು ನಡೆಯುತ್ತಿವೆ. ಪಟವರ್ಧನ ಸಂಸ್ಥಾನಿಕರ ರಾಜಧಾನಿಯಾಗಿದ್ದ ಜಮಖಂಡಿಯಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಮಹಾವಿದ್ಯಾಲಯವು ಹಲವು ದಶಕಗಳಿಂದ ಸೇವೆ ಸಲ್ಲಿಸುತ್ತಿದೆ.

ಮುಳುಗಡೆಯ ನೋವು

ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟುವ ಕಾರ್ಯಕ್ಕೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನು ನುಂಗಿತು. ಮನೆ, ಅಂಗಡಿ, ಗುಡಿ, ಓಣಿಗಳನ್ನು ಬಿಟ್ಟು ಜನರು ನವನಗರಕ್ಕೆ ಬಂದರು. 1997ರ ಆಗಸ್ಟ್ 15ರಂದು ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು. ನೂರ ಹನ್ನೆರಡು ವರ್ಷಗಳ ಹಿಂದೆ ಕಲಾದಗಿಯಿಂದ ಹೊರಟುಹೋದ ಜಿಲ್ಲಾ ಕಚೇರಿಯು ಒಂದು ರೀತಿಯಲ್ಲಿ ಅದರ ನೆರೆಗೇ ಮರಳಿ ಬಂದಿತು. ಅಣೆಕಟ್ಟಿನ ಮಟ್ಟವನ್ನು 519.6 ಮೀಟರುಗಳಿಂದ 524 ಮೀಟರುಗಳಿಗೆ ಏರಿಸುವ ಯೋಜನೆಯಿಂದ ಇನ್ನಷ್ಟು ಊರುಗಳೂ ಹೊಲಗಳೂ ಮುಳುಗಡೆಯ ಅಂಚಿನಲ್ಲಿವೆ.

ಊರು ಮುಳುಗಿದಾಗ ಭೂಮಿಗೆ, ಮನೆಗೆ ಪರಿಹಾರ ದೊರೆಯುತ್ತದೆ. ಹಳೆಯ ಶಾಲೆಯ ದಾಖಲೆ ಪುಸ್ತಕ, ದೇಣಿಗೆದಾರರ ಪಟ್ಟಿ, ದಾನಪತ್ರ, ಮನೆಯ ಮಾಡಿನಲ್ಲಿದ್ದ ಓಲೆಗರಿಯ ಕಟ್ಟು – ಇವುಗಳಿಗೆ ಪರಿಹಾರವೆಂಬುದಿಲ್ಲ. ನಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಸಾಮಾನ್ಯ ಜನರ ಹೆಸರುಗಳು ಇರುವುದು ಆ ಕಾಗದಗಳಲ್ಲಿಯೇ.

ವಿಶ್ವವಿದ್ಯಾಲಯಗಳು

ಈ ಸೀಮೆಯ ಸಾಮಾನ್ಯ ಪದವಿ ಕಾಲೇಜುಗಳು ನಾಲ್ಕು ವಿಶ್ವವಿದ್ಯಾಲಯಗಳ ಆಡಳಿತವನ್ನು ಕಂಡಿವೆ. ಆರಂಭದಲ್ಲಿ ಮುಂಬಯಿ, 1950ರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಇದೀಗ ಜಮಖಂಡಿಯಲ್ಲಿರುವ ಬಾಗಲಕೋಟೆ ವಿಶ್ವವಿದ್ಯಾಲಯ.

ಜಿಲ್ಲೆಯೊಳಗೆ ಮೊದಲು ಸ್ಥಾಪನೆಯಾದುದು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ. 2008ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಅಸ್ತಿತ್ವಕ್ಕೆ ಬಂದ ಇದು ಬಾಗಲಕೋಟೆಯ ಉದ್ಯಾನಗಿರಿಯಲ್ಲಿ ನೆಲೆಗೊಂಡಿದೆ. ಅರಭಾವಿ, ಬೀದರ, ಕೋಲಾರ, ಶಿರಸಿ, ಬೆಂಗಳೂರು ಮುಂತಾದೆಡೆಗಳ ತೋಟಗಾರಿಕೆ ಕಾಲೇಜುಗಳು ಇದರ ಅಡಿಯಲ್ಲಿವೆ. ಒಂದು ಕಾಲಕ್ಕೆ ಎಲ್ಲದಕ್ಕೂ ಪರ ಊರಿಗೆ ಹೋಗುತ್ತಿದ್ದ ಈ ಸೀಮೆಗೆ ಈಗ ಇಡೀ ರಾಜ್ಯದ ಮಕ್ಕಳು ಓದಲು ಬರುವಂತಾಗಿದೆ. ಕಲಾದಗಿಯ ಹಣ್ಣಿನ ತೋಟಗಳ ಸಮೀಪದಲ್ಲಿಯೇ ಇಂಥ ವಿಶ್ವವಿದ್ಯಾಲಯ ಬಂದುದು ಅತ್ಯಂತ ಉಚಿತವಾಗಿದೆ. ದಾಳಿಂಬೆಗೆ ದುಂಡಾಣು ಅಂಗಮಾರಿ ತಗುಲಿ ರೈತರು ತೋಟಗಳನ್ನೇ ಕಿತ್ತುಹಾಕಬೇಕಾಗಿ ಬಂದ ಈ ಸೀಮೆಯಲ್ಲಿ ಸಂಶೋಧನೆಗೂ ಹೊಲಕ್ಕೂ ನಡುವಿನ ಅಂತರ ಕಡಿಮೆಯಿದ್ದಷ್ಟೂ ಒಳಿತು.

ಬಾಗಲಕೋಟೆ ವಿಶ್ವವಿದ್ಯಾಲಯವು 2022-23ರಲ್ಲಿ ರಾಜ್ಯ ಸರಕಾರವು ಸೃಷ್ಟಿಸಿದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂದು. ಬೀದರ, ಹಾವೇರಿ, ಕೊಪ್ಪಳ, ಹಾಸನ, ಚಾಮರಾಜನಗರ, ಕೊಡಗು ಉಳಿದ ಆರು. ಹೊಸ ಜಮೀನು, ಹೊಸ ಹುದ್ದೆಗಳ ಭಾರವಿಲ್ಲದೆ, ಇದ್ದ ಸೌಕರ್ಯದಲ್ಲಿಯೇ ಇವುಗಳನ್ನು ನಡೆಸಬೇಕೆಂಬ ನೀತಿಯೇ ಇವುಗಳ ಬಲಹೀನತೆಗೂ ಕಾರಣವಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು, ಬೀದರವನ್ನು ಬಿಟ್ಟು ಇಂಥ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸದಿರುವ ಅಭಿಪ್ರಾಯಕ್ಕೆ ಬಂದಾಗ ನಾಡಿನಾದ್ಯಂತ ಚರ್ಚೆಯಾಯಿತು.

ಈ ವಿಷಯದಲ್ಲಿ ನಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳುವುದು ಯೋಗ್ಯ. ಹಣವಿಲ್ಲದೆ, ಪ್ರಾಧ್ಯಾಪಕರಿಲ್ಲದೆ ಹೆಸರಿಗೆ ಮಾತ್ರ ವಿಶ್ವವಿದ್ಯಾಲಯ ನಡೆಸುವುದರಿಂದ ವಿದ್ಯಾರ್ಥಿಗೆ ಹಿತವಿಲ್ಲವೆಂಬ ವಾದದಲ್ಲಿ ಸತ್ಯಾಂಶವಿದೆ. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಜಮಖಂಡಿಯು ಪೂರ್ವದ ಅಂಚಿನ ಇಳಕಲ್ಲಿಗೆ ದೂರವೆಂಬುದೂ ನಿಜ. ಆದರೆ ಸ್ನಾತಕೋತ್ತರ ತರಗತಿಯು ಜಿಲ್ಲೆಯಿಂದಲೇ ಹೊರಟುಹೋದರೆ ಮೊದಲು ಓದು ನಿಲ್ಲಿಸುವವಳು ಬಡವರ ಮನೆಯ ಮಗಳು. ಗಂಡುಮಗನನ್ನು ದೂರದ ಊರಿಗೆ ಕಳಿಸುವ ತಂದೆ ಮಗಳನ್ನು ಕಳಿಸಲು ಹಿಂಜರಿಯುತ್ತಾನೆ. ಆದುದರಿಂದ ಆಡಳಿತ ಯಾರ ಕೈಯಲ್ಲಿರಲಿ, ಸ್ನಾತಕೋತ್ತರ ಶಿಕ್ಷಣವು ಜಿಲ್ಲೆಯೊಳಗೆ ಉಳಿಯಬೇಕು. ಅದಕ್ಕೆ ತಕ್ಕ ಅನುದಾನವೂ ಅಧ್ಯಾಪಕರೂ ದೊರೆಯಬೇಕು.

ತಂದೆತಾಯಿಗಳ ತಿಳಿವಳಿಕೆಗೆ

ಯಾವ ಶಿಕ್ಷಣವು ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆಂಬುದು ಅನೇಕರಿಗೆ ಗೊಂದಲವನ್ನುಂಟುಮಾಡುತ್ತದೆ.

• ಇಂಜನಿಯರಿಂಗ್: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ.
• ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ನರ್ಸಿಂಗ್, ಔಷಧ ವಿಜ್ಞಾನ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು.
• ಕಾನೂನು: ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಹುಬ್ಬಳ್ಳಿ.
• ಕೃಷಿ: ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಧಾರವಾಡ.
• ತೋಟಗಾರಿಕೆ: ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಬಾಗಲಕೋಟೆ.
• ಮಹಿಳೆಯರಿಗಾಗಿಯೇ ಮೀಸಲಾದುದು: 2003ರಲ್ಲಿ ಸ್ಥಾಪನೆಗೊಂಡ, ಈಗ ಅಕ್ಕಮಹಾದೇವಿಯವರ ಹೆಸರನ್ನು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯ, ವಿಜಯಪುರ.

ಹಳೆಯ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳ ನಕಲು ಬೇಕಾದವರು ತಾವು ಓದಿದ ಕಾಲದಲ್ಲಿ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿತ್ತೆಂಬುದನ್ನು ಮೊದಲು ನೋಡಿಕೊಳ್ಳಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಕಾಲದಲ್ಲಿ ಪದವಿ ಪಡೆದವರು ಧಾರವಾಡಕ್ಕೂ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹೆಸರಿನ ಅಂಕಪಟ್ಟಿ ಇರುವವರು ಬೆಳಗಾವಿಗೂ ಅರ್ಜಿ ಸಲ್ಲಿಸಬೇಕಾಗುತ್ತದೆ. ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ ಹೋದರೆ ತಿರುಗಾಟ ತಪ್ಪುತ್ತದೆ.

ಮುಖ್ಯ ಘಟನೆಗಳ ಕಾಲಾನುಕ್ರಮ

1857 – ಮುಂಬಯಿ ವಿಶ್ವವಿದ್ಯಾಲಯದ ಸ್ಥಾಪನೆ
1883 – ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, ಧಾರವಾಡ
1885 – ಜಿಲ್ಲಾ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ
1906 – ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ಬಾಗಲಕೋಟೆ
1909 – ಶಿವಯೋಗಮಂದಿರ
1910 – ಬಿ.ಎಲ್.ಡಿ.ಇ. ಸಂಸ್ಥೆ, ಬಿಜಾಪುರ
1917 – ಕರ್ನಾಟಕ ಕಾಲೇಜು ಹಾಗೂ ಮುರುಘಾಮಠದ ಪ್ರಸಾದ ನಿಲಯ, ಧಾರವಾಡ
1950 – ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡಕ್ಕೆ
1963 – ಬಸವೇಶ್ವರ ಇಂಜನಿಯರಿಂಗ್ ಕಾಲೇಜು
1997 – ಬಾಗಲಕೋಟೆ ಜಿಲ್ಲೆಯ ಉದಯ
2002 – ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯ
2008 – ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ
2010 – ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬೆಳಗಾವಿ
2022-23 – ಬಾಗಲಕೋಟೆ ವಿಶ್ವವಿದ್ಯಾಲಯ, ಜಮಖಂಡಿ

ಸದ್ಭಕ್ತರಲ್ಲಿ ವಿನಂತಿ

ಕಾಲೇಜುಗಳಿಗೆ ಇಂದು ಕೊರತೆಯಿಲ್ಲ. ಕೊರತೆಯಿರುವುದು ಕಾಲೇಜಿನ ಹತ್ತಿರ ಉಳಿಯಲು ಜಾಗಕ್ಕೆ, ಎರಡು ಹೊತ್ತಿನ ಪ್ರಸಾದಕ್ಕೆ, ಪುಸ್ತಕಕ್ಕೆ. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಹಸಿವೆಯ ನಾಡಿನಲ್ಲಿ ಮುಷ್ಟಿ ಕಾಳಿನಿಂದ ಸಂಸ್ಥೆಗಳನ್ನು ಕಟ್ಟಿದರು. ಅವರು ಉಳ್ಳವರಾಗಿರಲಿಲ್ಲ, ಕೊಡುವವರಾಗಿದ್ದರು. ಮನೆಯಲ್ಲಿ ಶುಭಕಾರ್ಯ ನಡೆದಾಗ, ಹಿರಿಯರ ಸ್ಮರಣೋತ್ಸವ ಬಂದಾಗ, ಒಬ್ಬ ವಿದ್ಯಾರ್ಥಿಯ, ವಿಶೇಷವಾಗಿ ಒಬ್ಬ ವಿದ್ಯಾರ್ಥಿನಿಯ, ಒಂದು ವರ್ಷದ ವಸತಿಯ ಹೊಣೆಯನ್ನು ಹೊರುವ ಸಂಕಲ್ಪ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಸಮೀಪದ ಯಾವುದೇ ಪ್ರಸಾದ ನಿಲಯಕ್ಕೆ ಅದು ಸಲ್ಲಬಹುದು. ಜಾತಿ, ಪಂಗಡಗಳ ಎಣಿಕೆ ಬೇಡ.

ಇನ್ನೊಂದು ಮಾತು. ತಮ್ಮ ಮನೆಗಳಲ್ಲಿ ಹಳೆಯ ಶಾಲಾ ದಾಖಲೆ, ದೇಣಿಗೆಯ ಪಾವತಿ, ಕಾಲೇಜಿನ ವಾರ್ಷಿಕ ಸಂಚಿಕೆ, ಓಲೆಗರಿ, ಛಾಯಾಚಿತ್ರಗಳಿದ್ದರೆ ರದ್ದಿಗೆ ಹಾಕದೆ ಕಾಯ್ದಿಡಬೇಕು. ಮುಳುಗಡೆಯ ಊರುಗಳ ಭಕ್ತರು ಮನೆ ತೆರವು ಮಾಡುವ ಮುನ್ನ ಮಾಡು, ಪೆಟ್ಟಿಗೆಗಳನ್ನು ಒಮ್ಮೆ ನೋಡಿಕೊಳ್ಳಬೇಕು. ಶ್ರೀಮಠದ ಕಾರ್ಯಾಲಯಕ್ಕೆ ತಂದರೆ ಪ್ರತಿ ಮಾಡಿಕೊಂಡು ಮೂಲವನ್ನು ತಮಗೇ ಹಿಂದಿರುಗಿಸಲಾಗುವುದು.



– ಕಾರ್ಯದರ್ಶಿಗಳು, ಶ್ರೀಮಠ